ಕಣ್ಣಿಗೆ ಅಷ್ಟು ದೊಡ್ಡ ಚಂದ್ರ, ಫೋನಿನಲ್ಲಿ ಯಾಕೆ ಬರೀ ಚುಕ್ಕೆ?

ಹೊಸಪೇಟೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ಗೊತ್ತಿರುವವರೂ ಕಣ್ಣಿನ ವಿಷಯ ಗೊತ್ತಿರುವವರೂ ಈ ಗುಂಪಿನಲ್ಲಿ ಇದ್ದೀರಿ ಅಂತ ಇಲ್ಲಿ ಕೇಳುತ್ತಿದ್ದೇನೆ.

ಕಳೆದ ಹುಣ್ಣಿಮೆಗೆ ಮನೆಯವರೆಲ್ಲ ಹಂಪಿಗೆ ಹೋಗಿದ್ದೆವು. ಹೇಮಕೂಟದ ಬಂಡೆಗಳ ಮೇಲೆ ಕೂತಿದ್ದಾಗ ಮಾತಂಗ ಬೆಟ್ಟದ ಕಡೆಯಿಂದ ಚಂದ್ರ ಮೇಲೆ ಬಂದ. ಕಿತ್ತಳೆ ಬಣ್ಣ. ಎಷ್ಟು ದೊಡ್ಡದಿತ್ತು ಅಂದರೆ ನಮ್ಮಜ್ಜಿ ಕೂತಲ್ಲೇ ಕೈ ಮುಗಿದರು. ಒಳಗಿನ ಮೊಲ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಫೋನ್ ತೆಗೆದು ಕ್ಲಿಕ್ ಮಾಡಿದೆ. ಬಂದದ್ದು ಕಪ್ಪು ಆಕಾಶದಲ್ಲಿ ಒಂದು ಬಿಳಿ ಚುಕ್ಕೆ. ಮೊಲವೂ ಇಲ್ಲ, ಕಿತ್ತಳೆಯೂ ಇಲ್ಲ.

ನನ್ನದು 108 ಮೆಗಾಪಿಕ್ಸೆಲ್ ಫೋನ್. ನಮ್ಮ ಭಾವ ಹೇಳುತ್ತಾರೆ, "ಮನುಷ್ಯನ ಕಣ್ಣು 576 ಮೆಗಾಪಿಕ್ಸೆಲ್. ನಿನ್ನ ಫೋನ್ ಅದರ ಕಾಲು ಭಾಗವೂ ಇಲ್ಲ, ಇನ್ನು ಹೇಗೆ ಬರುತ್ತದೆ?" ಅವರಿಗೆ ಅದು ವಾಟ್ಸಾಪಿನಲ್ಲಿ ಬಂದ ಜ್ಞಾನ. ನನಗೆ ಯಾಕೋ ನಂಬಿಕೆ ಇಲ್ಲ.

ಈ 576 ನಿಜವಾ? ಮುಂದಿನ ಸಲ ಫೋಟೊ ಸರಿಯಾಗಿ ಬರಬೇಕಾದರೆ ಏನು ಮಾಡಬೇಕು? ಹೊಸ ಫೋನ್ ತಗೊಳ್ಳಿ ಅಂತ ಮಾತ್ರ ಹೇಳಬೇಡಿ, ಇದರ ಕಂತೇ ಇನ್ನೂ ಮುಗಿದಿಲ್ಲ.

ಬುಲೆಟ್_ಸವಾರ

ನೈಟ್ ಮೋಡ್ ಹಾಕಿ, ಕೈ ಅಲ್ಲಾಡದ ಹಾಗೆ ಹಿಡಿದು ತೆಗೆಯಿರಿ. ಇಲ್ಲಾಂದ್ರೆ ಕಂತು ಮುಗಿದ ಮೇಲೆ ಒಳ್ಳೆ ಜೂಮ್ ಇರುವ ಫೋನೇ ಗತಿ!

ಸ್ಟುಡಿಯೋ_ಅರಸೀಕೆರೆ

ತಂಗಿ, ಮೊದಲು ನೈಟ್ ಮೋಡ್ ಮರೆತುಬಿಡಿ. ಅದನ್ನು ಹಾಕಿದರೆ ಬಿಳಿ ಚುಕ್ಕೆ ಇನ್ನೂ ಬಿಳಿಯಾಗುತ್ತದೆ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ನನ್ನದು ಅರಸೀಕೆರೆಯಲ್ಲಿ ಸ್ಟುಡಿಯೋ. ಅಪ್ಪನ ಕಾಲದಲ್ಲಿ ಕೆಂಪು ಬಲ್ಬಿನ ಡಾರ್ಕ್‌ರೂಮ್ ಇತ್ತು, ಈಗ ಆ ಜಾಗದಲ್ಲಿ ಲ್ಯಾಮಿನೇಷನ್ ಮಷೀನ್ ಕೂತಿದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೊ, ಎಲ್ಲ ಮಾಡುತ್ತೇನೆ. ಈ ಕಸುಬಿನಲ್ಲಿ ಜಾಸ್ತಿ ಕೇಳುವ ದೂರು ಒಂದೇ: "ಕಣ್ಣಿಗೆ ಕಂಡ ಹಾಗೆ ಬಂದಿಲ್ಲ ಕಣ್ರೀ." ಈಗ ಆಷಾಢ, ಮದುವೆ ಇಲ್ಲ, ಕೈ ಖಾಲಿ. ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಗಾತ್ರ. ಚಂದ್ರ ಆಕಾಶದಲ್ಲಿ ಹಿಡಿಯುವ ಜಾಗ ಬರೀ ಅರ್ಧ ಡಿಗ್ರಿ. ಕೈ ಪೂರ್ತಿ ಚಾಚಿ ಕಿರುಬೆರಳಿನ ಉಗುರು ಅಡ್ಡ ಹಿಡಿಯಿರಿ. ಚಂದ್ರ ಮುಚ್ಚಿಹೋಗಿ ಇನ್ನೂ ಉಗುರು ಉಳಿಯುತ್ತದೆ. ಬೆಟ್ಟದ ಅಂಚಿನಲ್ಲಿದ್ದಾಗಲೂ ಅಷ್ಟೇ, ನೆತ್ತಿಗೆ ಬಂದಾಗಲೂ ಅಷ್ಟೇ. ನಿಜ ಹೇಳಬೇಕಂದರೆ ಈಗಷ್ಟೇ ಎದ್ದ ಚಂದ್ರ ನಮ್ಮಿಂದ ಒಂದಿಷ್ಟು ದೂರವೇ ಇರುತ್ತಾನೆ, ಹಾಗಾಗಿ ಕೂದಲೆಳೆಯಷ್ಟು ಚಿಕ್ಕವನು. ದೊಡ್ಡದು ಅನ್ನಿಸುವುದು ತಲೆಯೊಳಗಿನ ಲೆಕ್ಕ. ಯಾಕೆ ಹಾಗನ್ನಿಸುತ್ತದೆ ಅನ್ನುವುದರ ಬಗ್ಗೆ ಅರಿಸ್ಟಾಟಲ್ ಕಾಲದಿಂದ ವಾದ ನಡೆದೇ ಇದೆ, ನಾವು ಅದಕ್ಕೆ ಕೈ ಹಾಕುವುದು ಬೇಡ.

ಈಗ ನಿಮ್ಮ ಫೋನ್. 108 ಅಂತ ಡಬ್ಬಿ ಮೇಲೆ ಬರೆದಿದ್ದರೂ ಮಾಮೂಲಿಯಾಗಿ ಅದು ಒಂಬತ್ತು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಫೋಟೊ ಕೊಡುತ್ತದೆ. ಅಗಲ ಸುಮಾರು 4000 ಪಿಕ್ಸೆಲ್. ಆ ಲೆನ್ಸು ಅಡ್ಡಕ್ಕೆ ನೋಡುವುದು ಸುಮಾರು 70 ಡಿಗ್ರಿ. ಭಾಗಿಸಿ: ಡಿಗ್ರಿಗೆ 57. ಚಂದ್ರನ ಪಾಲಿಗೆ ಬಂದದ್ದು ಮೂವತ್ತೂ ಇಲ್ಲ. ಮೂವತ್ತು ಚುಕ್ಕೆ ಅಗಲದಲ್ಲಿ ಮೊಲ ಬಿಡಿಸಿ ನೋಡೋಣ! ಅಷ್ಟು ಅಗಲದ ದೃಶ್ಯವನ್ನು ಅಂಗೈಯಷ್ಟು ಸ್ಕ್ರೀನಿಗೆ ತುಂಬಿಸಿದ ಮೇಲೆ ಚಂದ್ರ ಚುಕ್ಕೆಯಾಗದೆ ಇನ್ನೇನಾಗುತ್ತಾನೆ?

ನಮ್ಮವರಿಗೆ ಒಂದು ಸುಲಭದ ಲೆಕ್ಕ ಇದೆ. ಲೆನ್ಸಿನ ಫೋಕಲ್ ಲೆಂತ್ (ಲೆನ್ಸಿನ ಮೇಲೆ ಎಂಎಂನಲ್ಲಿ ಬರೆದಿರುವ ಅಳತೆ) ಅನ್ನು 110ರಿಂದ ಭಾಗಿಸಿದರೆ ಫಿಲ್ಮ್ ಅಥವಾ ಸೆನ್ಸರ್ ಮೇಲೆ ಚಂದ್ರ ಎಷ್ಟು ಮಿಲಿಮೀಟರ್ ಬರುತ್ತಾನೆ ಅಂತ ಸಿಗುತ್ತದೆ. 50 ಎಂಎಂ ಲೆನ್ಸಿಗೆ ಅರ್ಧ ಮಿಲಿಮೀಟರೂ ಇಲ್ಲ. 500 ಎಂಎಂ ಹಾಕಿದರೆ ನಾಲ್ಕೂವರೆ. ದೇವಸ್ಥಾನದ ಹಿಂದೆ ದೊಡ್ಡ ಚಂದ್ರ ಇರುವ ಫೋಟೊಗಳನ್ನು ನೋಡಿರುತ್ತೀರಲ್ಲ, ಅವುಗಳಲ್ಲಿ ಅಸಲಿ ಎಲ್ಲ ಉದ್ದ ಲೆನ್ಸು ಹಾಕಿ ದೂರದಿಂದ ತೆಗೆದದ್ದು. ವಿರೂಪಾಕ್ಷ ಗೋಪುರ ಸುಮಾರು 50 ಮೀಟರ್. ಅದು ಚಂದ್ರನಷ್ಟೇ ಎತ್ತರ ಕಾಣಬೇಕಾದರೆ ಐದೂವರೆ ಕಿಲೋಮೀಟರ್ ದೂರ ನಿಂತು ತೆಗೆಯಬೇಕು. ಹೇಮಕೂಟದಲ್ಲಿ ಕೂತು ಆಗುವ ಕೆಲಸವಲ್ಲ.

ಇನ್ನು ಬೆಳಕು. ನೀವು ನೋಡುತ್ತಿರುವುದು ರಾತ್ರಿಯ ವಸ್ತುವನ್ನಲ್ಲ. ಚಂದ್ರ ಅಂದರೆ ಪೂರ್ತಿ ಬಿಸಿಲಿನಲ್ಲಿ ಬಿದ್ದಿರುವ ಕಲ್ಲು. ಬಣ್ಣದಲ್ಲಿ ಹಳೇ ಟಾರು ರಸ್ತೆಯಷ್ಟು ಕಪ್ಪು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಹನ್ನೆರಡು ಪಾಲು ವಾಪಸ್ ಕೊಟ್ಟರೆ ಹೆಚ್ಚು. ಆದರೂ ಬಿಸಿಲು ಬಿಸಿಲೇ. ಫಿಲ್ಮ್ ಕಾಲದಲ್ಲಿ ಮೀಟರ್ ನೋಡದೆ ತೆಗೆಯುತ್ತಿದ್ದೆವು: ಎಫ್ 11, ಐಎಸ್‌ಒ 100, ಶಟರ್ 1/100 (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಐಎಸ್‌ಒ ಅಂದರೆ ಬೆಳಕಿಗೆ ಫಿಲ್ಮ್ ಅಥವಾ ಸೆನ್ಸರ್ ಎಷ್ಟು ಚುರುಕು ಅನ್ನುವ ಅಂಕಿ, ಶಟರ್ ಅಂದರೆ ಸೆಕೆಂಡಿನ ಎಷ್ಟು ಭಾಗ ಬೆಳಕು ಒಳಗೆ ಬಿಡುತ್ತೇವೆ ಅನ್ನುವುದು). ನಿಮ್ಮ ಫೋನಿಗೆ ಈ ಕಥೆ ಗೊತ್ತಿಲ್ಲ. ಅದಕ್ಕೆ ಚಿತ್ರದಲ್ಲಿ ಮುಕ್ಕಾಲು ಪಾಲು ಕತ್ತಲೆ ಕಾಣುತ್ತದೆ, ಪಾಪ, ಅದಕ್ಕೇ ಬೆಳಕನ್ನು ತುಂಬಾ ಹೊತ್ತು ಒಳಗೆ ಬಿಡುತ್ತದೆ. ನೈಟ್ ಮೋಡ್ ಹಾಕಿದರೆ ಇನ್ನೂ ಜಾಸ್ತಿ ಹೊತ್ತು. ಕೆಂಪು, ಹಸಿರು, ನೀಲಿ ಮೂರೂ ತುಂಬಿ ತುಳುಕಿದ ಮೇಲೆ ಉಳಿಯುವುದು ಬಿಳಿ. ನಿಮ್ಮ ಕಿತ್ತಳೆ ಹೋದದ್ದು ಅಲ್ಲಿಯೇ.

ಮಾಡಬೇಕಾದದ್ದು: ಇವನ್ನೆಲ್ಲ ನಾವೇ ಹೊಂದಿಸುವ ಪ್ರೊ ಮೋಡ್‌ಗೆ ಹೋಗಿ ಐಎಸ್‌ಒ 50 ಇಡಿ. ಈಗಷ್ಟೇ ಎದ್ದ ಮಬ್ಬು ಚಂದ್ರನಿಗೆ ಶಟರ್ 1/250ರಿಂದ ಶುರು ಮಾಡಿ, ಮೇಲೇರಿದ ಹಾಗೆ 1/2000 ತನಕ ಹೋಗಿ. ಪ್ರೊ ಮೋಡ್ ಇಲ್ಲದಿದ್ದರೆ ಸ್ಕ್ರೀನಿನಲ್ಲಿ ಚಂದ್ರನನ್ನು ಒತ್ತಿ ಹಿಡಿದು, ಸೂರ್ಯನ ಗುರುತು ಬರುತ್ತದಲ್ಲ, ಅದನ್ನು ಕೆಳಗೆ ಎಳೆಯಿರಿ. ಮೊಲ ಸ್ವಲ್ಪವಾದರೂ ಬರುತ್ತದೆ.

ಆಗ ಗೋಪುರ, ಬಂಡೆ ಎಲ್ಲ ಕಪ್ಪಾಗುತ್ತದೆ. "ಕಣ್ಣಿಗೆ ಎರಡೂ ಕಾಣುತ್ತಿತ್ತಲ್ಲಣ್ಣ" ಅನ್ನುತ್ತೀರಿ. ಇದೇ ಮಾತನ್ನು ಮದುವೆ ಮನೆಯವರು ಬೇರೆ ಥರ ಹೇಳುತ್ತಾರೆ. ನಮ್ಮ ಕಲ್ಯಾಣ ಮಂಟಪಗಳಲ್ಲಿ ವೇದಿಕೆ ಮೇಲೆ ಹಳದಿ ಫೋಕಸ್ ಲೈಟು, ಊಟದ ಹಾಲಿನಲ್ಲಿ ಟ್ಯೂಬ್‌ಲೈಟು, ಬಾಗಿಲಲ್ಲಿ ಮಧ್ಯಾಹ್ನದ ಬಿಸಿಲು. ಮದುಮಗನ ಪಂಚೆ ಮೂರೂ ಕಡೆ ಬಿಳಿ ಅಂತಲೇ ಎಲ್ಲರಿಗೂ ಕಾಣುತ್ತದೆ. ಕ್ಯಾಮೆರಾಗೆ ಅದು ಒಂದು ಕಡೆ ಹಳದಿ, ಒಂದು ಕಡೆ ಹಸಿರು ಮಿಶ್ರ, ಬಾಗಿಲ ಬಳಿ ನೀಲಿ. ಬಾಗಿಲಿಗೆ ಬೆನ್ನು ಹಾಕಿ ನಿಂತ ಸೋದರಮಾವನ ಮುಖ ಕಪ್ಪು. ಸೋದರಮಾವನಿಗೆ ಸಿಟ್ಟು. ಎಲ್‌ಇಡಿ ದೀಪ ಇದ್ದರೆ ಇನ್ನೊಂದು ಕಾಟ: ನಮ್ಮ ಕರೆಂಟಿನಲ್ಲಿ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ, ವಿಡಿಯೋದಲ್ಲಿ ಅಡ್ಡ ಪಟ್ಟೆ ಓಡುತ್ತವೆ. ಶಟರ್ 1/50 ಅಥವಾ 1/100 ಇಟ್ಟರೆ ನಿಲ್ಲುತ್ತದೆ.

ವಿಷಯ ಏನಂದರೆ, ನೀವು ಚಂದ್ರ ಮತ್ತು ಗೋಪುರ ಎರಡನ್ನೂ ಒಟ್ಟಿಗೆ ನೋಡಲೇ ಇಲ್ಲ. ಚಂದ್ರನನ್ನು ನೋಡಿದಿರಿ, ಆಮೇಲೆ ಗೋಪುರ, ಆಮೇಲೆ ಅಜ್ಜಿಯ ಮುಖ. ಒಂದೊಂದು ಕಡೆ ಹೋದಾಗಲೂ ಕಣ್ಣು ಅಲ್ಲಿಗೆ ಬೇಕಾದ ಹಾಗೆ ಹೊಂದಿಕೊಂಡಿತು. ಆ ತುಣುಕುಗಳನ್ನೆಲ್ಲ ಸೇರಿಸಿ ನಿಮ್ಮ ತಲೆ ಒಂದು ಚಿತ್ರ ಮಾಡಿಕೊಂಡಿತು. ಕ್ಯಾಮೆರಾಗೆ ಆ ಅನುಕೂಲ ಇಲ್ಲ. ಇಡೀ ಚಿತ್ರಕ್ಕೆ ಒಂದೇ ಶಟರ್, ಒಂದೇ ಬಣ್ಣದ ಲೆಕ್ಕ. ಈಗಿನ ಫೋನುಗಳ ಎಚ್‌ಡಿಆರ್ ಅನ್ನುವುದು ಬೇರೆ ಬೇರೆ ಬೆಳಕಿನ ಹಲವು ಫೋಟೊ ಸೇರಿಸಿ ಇದೇ ಕೆಲಸವನ್ನು ನಕಲು ಮಾಡುವ ಪ್ರಯತ್ನ. ಕೆಲವು ಸಲ ಚೆನ್ನಾಗಿ ಬರುತ್ತದೆ, ಕೆಲವು ಸಲ ಕ್ಯಾಲೆಂಡರ್ ಚಿತ್ರವಾಗುತ್ತದೆ.

ಒಂದು ಉಪಾಯ ಹೇಳಿ ಮುಗಿಸುತ್ತೇನೆ. ಹುಣ್ಣಿಮೆ ದಿನ ಬಿಡಿ, ಹಿಂದಿನ ದಿನ ಹೋಗಿ. ಆವತ್ತು ಸೂರ್ಯ ಮುಳುಗುವ ಮೊದಲೇ ಚಂದ್ರ ಎದ್ದಿರುತ್ತಾನೆ. ಬಂಡೆಗಳ ಮೇಲೆ ಇನ್ನೂ ಸಂಜೆ ಬೆಳಕಿರುತ್ತದೆ, ಎರಡರ ಬೆಳಕೂ ಹತ್ತಿರ ಹತ್ತಿರ ಇರುತ್ತದೆ. ಫೋನಿಗೂ ಸುಲಭ.

576ರ ವಿಷಯ ನನಗೆ ಬೇಡ, ಕನ್ನಡಕದ ಅಕ್ಕ ಇಲ್ಲಿ ಇದ್ದಾರೆ, ಅವರೇ ಹೇಳಲಿ.

ಕನ್ನಡಕದ_ಅಕ್ಕ

ಅಣ್ಣ ನನ್ನ ಕಡೆ ತಳ್ಳಿದ್ದಾರೆ. ನಾನು ಆಪ್ಟೊಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷೆ ಮಾಡುವವಳು. ದಿನವೂ ಜನರ ಕಣ್ಣಿನ ಹಿಂಭಾಗದ ಫೋಟೊ ತೆಗೆಯುವುದೇ ಕೆಲಸ, ಹಾಗಾಗಿ ಎರಡೂ ಕಡೆಗೆ ಸೇರಿದವಳು ಅನ್ನಬಹುದು.

576 ಸುಳ್ಳಲ್ಲ, ಆದರೆ ಭಾವ ಅದನ್ನು ಬೇರೆ ಪ್ರಶ್ನೆಗೆ ಉತ್ತರವಾಗಿ ಕೊಡುತ್ತಿದ್ದಾರೆ. ಅಮೆರಿಕದ ರೋಜರ್ ಕ್ಲಾರ್ಕ್ ಎಂಬ ವಿಜ್ಞಾನಿ ಮಾಡಿದ ಲೆಕ್ಕ ಅದು. 120 ಡಿಗ್ರಿ ಉದ್ದ, 120 ಡಿಗ್ರಿ ಅಗಲದ ಒಂದು ಚಿತ್ರ ಇದೆ ಅಂದುಕೊಳ್ಳಿ. ಕಣ್ಣು ಅದರ ಮೇಲೆ ಎಲ್ಲಿ ಬೇಕಾದರೂ ಓಡಾಡಲಿ, ಎಲ್ಲಿ ನೋಡಿದರೂ ಪಿಕ್ಸೆಲ್ ಕಾಣಬಾರದು. ಹಾಗಾದರೆ ಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಬೇಕು? ಡಿಗ್ರಿಗೆ 200ರ ಹಾಗೆ ಹಿಡಿದರೆ 24,000 ಗುಣಿಸು 24,000, ಅಂದರೆ 57 ಕೋಟಿ 60 ಲಕ್ಷ (ಹತ್ತು ಲಕ್ಷ ಪಿಕ್ಸೆಲ್‌ಗೆ ಒಂದು ಮೆಗಾಪಿಕ್ಸೆಲ್, ಹಾಗಾಗಿ 576). ಅದು ಚಿತ್ರದ ಗಾತ್ರ. ಕಣ್ಣಿನೊಳಗೆ ಅಷ್ಟು ಪಿಕ್ಸೆಲ್ ಇವೆ ಅಂತಲ್ಲ.

ಕಣ್ಣಿನೊಳಗೆ ಇರುವುದು ಬೇರೆ. ಕಣ್ಣಿನ ಹಿಂಭಾಗದ ಪರದೆ ರೆಟಿನಾದಲ್ಲಿ ಬಣ್ಣ, ವಿವರ ಹಿಡಿಯುವ ಕೋನ್ ಕೋಶಗಳು 50-60 ಲಕ್ಷ. ಮಂದ ಬೆಳಕಿನ ರಾಡ್ ಕೋಶಗಳು ಹತ್ತು ಕೋಟಿಯ ಆಸುಪಾಸು. ಇಷ್ಟೆಲ್ಲದರ ಸುದ್ದಿ ಮಿದುಳಿಗೆ ಹೋಗುವುದು ಸುಮಾರು 10 ಲಕ್ಷ ನರದ ಎಳೆಗಳಲ್ಲಿ. ಎಳೆ ಲೆಕ್ಕ ಹಿಡಿದರೆ ಒಂದು ಮೆಗಾಪಿಕ್ಸೆಲ್! ಭಾವನಿಗೆ ಇದನ್ನು ಹೇಳಿ, ಆದರೆ ಇದೂ ಪೂರ್ತಿ ಸರಿಯಾದ ಹೋಲಿಕೆಯಲ್ಲ. ಯಾಕಂದರೆ ಆ ಎಳೆಗಳು ಚುಕ್ಕೆಗಳನ್ನು ಕಳಿಸುವುದಿಲ್ಲ. ಇಲ್ಲಿ ಅಂಚು ಇದೆ, ಇಲ್ಲಿ ಏನೋ ಅಲ್ಲಾಡಿತು, ಪಕ್ಕಕ್ಕಿಂತ ಇಲ್ಲಿ ಬೆಳಕು ಜಾಸ್ತಿ ಅಂತ ರೆಟಿನಾದಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ.

ಎಲ್ಲ ಕಡೆ ಒಂದೇ ಸ್ಪಷ್ಟತೆಯೂ ಇಲ್ಲ. ಚುರುಕಾಗಿ ಕಾಣುವುದು ನಡುವಿನ ಎರಡು ಡಿಗ್ರಿ ಮಾತ್ರ, ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟು. ಈ ಸಾಲಿನ ಒಂದು ಪದದ ಮೇಲೆ ಕಣ್ಣು ಅಲ್ಲಾಡದೆ ಇಟ್ಟು, ನಾಲ್ಕು ಸಾಲು ಕೆಳಗೆ ಏನಿದೆ ಓದಲು ನೋಡಿ. ಆಗುವುದಿಲ್ಲ. ಕತ್ತಲೆ ಗುಡಿಯಲ್ಲಿ ಸಣ್ಣ ಟಾರ್ಚ್ ಹಿಡಿದು ಗೋಡೆಯ ಚಿತ್ರ ನೋಡಿದ ಹಾಗೆ ನಮ್ಮ ನೋಟ. ಟಾರ್ಚ್ ಸೆಕೆಂಡಿಗೆ ಸುಮಾರು ಮೂರು ಸಲ ಜಾಗ ಬದಲಿಸುತ್ತದೆ, ಅಷ್ಟೇ.

ನಿಮ್ಮ ಮೊಲ ಕಂಡದ್ದು ಇದರಿಂದಲೇ. ಅಣ್ಣನ 110ರ ಲೆಕ್ಕ ಕಣ್ಣಿಗೂ ನಡೆಯುತ್ತದೆ. ಕಣ್ಣಿನ ಫೋಕಲ್ ಲೆಂತ್ 17 ಎಂಎಂ ಅಂತ ಹಿಡಿದರೆ ರೆಟಿನಾ ಮೇಲೆ ಚಂದ್ರ 0.15 ಮಿಲಿಮೀಟರ್. ಕೋನ್‌ಗಳು ಅತಿ ದಟ್ಟವಾಗಿರುವ ನಡುವಿನ ಗುಳಿಯೊಳಗೆ ಅದು ಪೂರ್ತಿ ಕೂರುತ್ತದೆ. ಅಲ್ಲಿ ಡಿಗ್ರಿಗೆ ಸುಮಾರು 120 ಕೋನ್ ಇವೆ, ಅಂದರೆ ಚಂದ್ರನ ಅಗಲಕ್ಕೆ 60. ಫೋನಿನ ಮೂವತ್ತಕ್ಕೆ ಎರಡರಷ್ಟು. ಅಷ್ಟೇ ವ್ಯತ್ಯಾಸ. ಕಣ್ಣು ತನ್ನಲ್ಲಿರುವ ಒಳ್ಳೆಯ ಜಾಗವನ್ನೆಲ್ಲ ಚಂದ್ರನಿಗೇ ಕೊಟ್ಟಿತು, ಫೋನ್ ತನ್ನ ಪಿಕ್ಸೆಲ್‌ಗಳನ್ನು ಇಡೀ ಆಕಾಶಕ್ಕೆ ಸಮನಾಗಿ ಹಂಚಿತು.

ಕಣ್ಣು ಓಡುವಾಗ ಚಿತ್ರ ಕಲಸಿಹೋಗಬೇಕಿತ್ತಲ್ವಾ? ಆ ಕ್ಷಣವನ್ನು ಮಿದುಳು ನಮಗೆ ತೋರಿಸುವುದೇ ಇಲ್ಲ. ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣು, ಬಲಗಣ್ಣು ಒಂದಾದ ಮೇಲೊಂದು ನೋಡಿ. ಕಣ್ಣು ಚಲಿಸುವುದು ನಿಮಗೆ ಕಾಣುವುದಿಲ್ಲ. ಈಗ ಕನ್ನಡಿ ಬದಲು ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ಹಾಗೇ ಮಾಡಿ. ಕಾಣುತ್ತದೆ! ಫೋನ್ ಚಿತ್ರವನ್ನು ಸ್ವಲ್ಪ ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಕಣ್ಣು ಬಂದು ನಿಂತಿರುತ್ತದೆ.

ಇನ್ನೊಂದು. ನರ ಹೊರಗೆ ಹೋಗುವ ಜಾಗದಲ್ಲಿ ನೋಡುವ ಕೋಶಗಳೇ ಇಲ್ಲ. ಫ್ರಾನ್ಸಿನ ಮಾರಿಯೊಟ್ 1660ರ ದಶಕದಲ್ಲೇ ಇದನ್ನು ಕಂಡುಹಿಡಿದ. ಆ ಕುರುಡು ಜಾಗ ಎಷ್ಟು ದೊಡ್ಡದು ಅಂದರೆ ಹತ್ತು ಚಂದ್ರರನ್ನು ಸಾಲಾಗಿ ಇಟ್ಟರೂ ಮಾಯ. ಮುಂದಿನ ಹುಣ್ಣಿಮೆಗೆ ಬಲಗಣ್ಣು ಮುಚ್ಚಿ. ಚಾಚಿದ ಕೈಯಲ್ಲಿ ಒಂದೂವರೆ ಮುಷ್ಟಿ ಅಳೆದು, ಚಂದ್ರನಿಂದ ಅಷ್ಟು ಬಲಕ್ಕೆ ಇರುವ ಆಕಾಶವನ್ನು ಎಡಗಣ್ಣಿನಿಂದ ನೋಡಿ. ನೋಟ ಆ ಕಡೆ ಈ ಕಡೆ ಸ್ವಲ್ಪ ಸರಿಸಿದರೆ ಒಂದು ಕಡೆ ಚಂದ್ರ ಇರುವುದೇ ಇಲ್ಲ. ಅಲ್ಲಿ ಕಪ್ಪು ತೂತು ಕಾಣುವುದಿಲ್ಲ, ಬರೀ ಆಕಾಶ. ಮಿದುಳೇ ತೇಪೆ ಹಾಕಿರುತ್ತದೆ.

ಕ್ಯಾಮೆರಾಗೆ ಹೋಲಿಸಬೇಕಾದರೆ ಮುಂಭಾಗವನ್ನು ಧಾರಾಳವಾಗಿ ಹೋಲಿಸಿ. ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತು ಲೆನ್ಸ್ ಸೇರಿ ರೆಟಿನಾ ಮೇಲೆ ತಲೆಕೆಳಗಾದ ಚಿತ್ರ ಮೂಡಿಸುತ್ತವೆ, ಕೆಪ್ಲರ್ 1604ರಲ್ಲೇ ಇದನ್ನು ಬರೆದ. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಕಾರ್ನಿಯಾದ್ದು. ಫೋಕಸ್ ಮಾಡುವಾಗ ಕ್ಯಾಮೆರಾ ಲೆನ್ಸು ಹಿಂದೆ ಮುಂದೆ ಸರಿಯುತ್ತದೆ, ನಮ್ಮದು ಉಬ್ಬುತ್ತದೆ, ಚಪ್ಪಟೆಯಾಗುತ್ತದೆ. (ಮೀನಿನದು ಕ್ಯಾಮೆರಾ ಥರ, ಅದರ ಲೆನ್ಸೇ ಸರಿಯುತ್ತದೆ.) ನಲವತ್ತು ದಾಟಿದ ಮೇಲೆ ಲೆನ್ಸು ಗಟ್ಟಿಯಾಗಿ ಉಬ್ಬುವುದಿಲ್ಲ, ಆಗ ಚಾಳೀಸು ಕೇಳಿಕೊಂಡು ನನ್ನ ಬಳಿ ಬರುತ್ತೀರಿ. ವಯಸ್ಸಾದ ಹಾಗೆ ಅದು ಹಳದಿಯೂ ಆಗುತ್ತದೆ. ಪೊರೆ ಆಪರೇಷನ್ ಆದವರು ಮರುದಿನ ಬಂದು "ಗೋಡೆ ನೀಲಿ ಹೊಡೆಯುತ್ತಿದೆ" ಅನ್ನುವುದು ನಮಗೆ ಮಾಮೂಲಿ. ಒಂದು ಕಣ್ಣಿಗೆ ಮಾತ್ರ ಆಗಿದ್ದರೆ ಇನ್ನೂ ಮಜಾ, ಒಂದೊಂದೇ ಕಣ್ಣು ಮುಚ್ಚಿ ಹೆಂಡತಿಯ ಸೀರೆ ಬಣ್ಣ ಹೋಲಿಸುತ್ತಾ ಕೂರುತ್ತಾರೆ.

ನಕ್ಷತ್ರ_ಮಿತ್ರ

ಒಳ್ಳೆ ಚರ್ಚೆ. ಕತ್ತಲೆಯ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಮಂದ ಬೆಳಕಿನಲ್ಲಿ ಕಣ್ಣು ಬೆಳಕನ್ನು ಕೂಡಿಡುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಕ್ಯಾಮೆರಾ ಟ್ರೈಪಾಡ್ ಮೇಲೆ 30 ಸೆಕೆಂಡ್ ಕೂಡಿಡಬಹುದು. ಹಾಗಾಗಿ ಆಕಾಶಗಂಗೆ ಫೋಟೊದಲ್ಲಿ ಗುಲಾಬಿ, ನೀಲಿ. ಕಣ್ಣಿಗೆ ಬೂದಿ ಬಣ್ಣದ ಪಟ್ಟೆ. ಅಷ್ಟು ಕತ್ತಲೆಯಲ್ಲಿ ಕೆಲಸ ಮಾಡುವುದು ರಾಡ್‌ಗಳು, ಅವುಗಳಿಗೆ ಬಣ್ಣ ಗೊತ್ತಿಲ್ಲ. ಕೆಂಪಂತೂ ಅವುಗಳ ಪಾಲಿಗೆ ಇಲ್ಲವೇ ಇಲ್ಲ. ಸಂಜೆ ಕಳೆಯುವ ಹೊತ್ತಿಗೆ ಅಂಗಳದ ಕೆಂಪು ದಾಸವಾಳ ನೋಡಿ. ಎಲೆ ಇನ್ನೂ ತಿಳಿಯಾಗಿ ಕಾಣುತ್ತಿರುತ್ತದೆ, ಹೂವು ಕಪ್ಪಾಗಿರುತ್ತದೆ.

2024ರ ಮೇ 10ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಬಂದಾಗ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಫೋಟೊಗಳು ಬಂದವಲ್ಲ, ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರುವ ಜಾಗ. ಆ ಕೆಂಪನ್ನು ಹಿಡಿದದ್ದು ಕ್ಯಾಮೆರಾ. ಅದೇ ಫೋಟೊ ನೋಡಿ ಬರಿಗಣ್ಣಿಗೂ ಹಾಗೇ ಕಾಣುತ್ತದೆ ಅಂದುಕೊಂಡು ಹೋದರೆ ನಿರಾಸೆ ಗ್ಯಾರಂಟಿ.

ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಪಾಪೆ 2 ಮಿಲಿಮೀಟರಿನಿಂದ 7-8ಕ್ಕೆ ಹಿಗ್ಗುವುದು ಬೇಗ ಆಗುತ್ತದೆ, ಆದರೆ ಅದರಿಂದ ಸಿಗುವುದು ಹದಿನಾರರಷ್ಟು ಬೆಳಕು, ಜಾಸ್ತಿ ಇಲ್ಲ. ಉಳಿದದ್ದೆಲ್ಲ ರೆಟಿನಾದ ರಾಸಾಯನಿಕಗಳ ಕೆಲಸ. ನಡುವೆ ಒಬ್ಬ ಪುಣ್ಯಾತ್ಮ ವಾಟ್ಸಾಪ್ ತೆಗೆದರೆ ಮತ್ತೆ ಮೊದಲಿನಿಂದ! ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿಕೊಂಡು ಬನ್ನಿ ಅಂತ ನಾವು ಗೋಳಾಡುವುದು ಅದಕ್ಕೇ.

ಹೊಸಪೇಟೆ_ಹುಡುಗಿ

ಅಣ್ಣ, ಅಕ್ಕ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೆಲ್ಫಿ ಪರೀಕ್ಷೆ ಮನೆಯವರೆಲ್ಲ ಮಾಡಿದ್ದಾಯಿತು. ಭಾವ ಒಂದು ಮೆಗಾಪಿಕ್ಸೆಲ್ ಮಾತು ಕೇಳಿ ಟೀವಿ ಸೌಂಡ್ ಜಾಸ್ತಿ ಮಾಡಿದರು.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಫ್ಲ್ಯಾಶ್ ಹಾಕಿದರೆ ಎಲ್ಲರ ಕಣ್ಣು ಕೆಂಪಾಗುತ್ತದಲ್ಲ. ಮೊನ್ನೆ ತೆಗೆದ ಫೋಟೊದಲ್ಲಿ ಅಕ್ಕನ ಮಗುವಿನ ಒಂದು ಕಣ್ಣು ಕೆಂಪು, ಇನ್ನೊಂದು ಬೆಳ್ಳಗೆ ಬಂದಿದೆ. ಎರಡೂ ಫ್ಲ್ಯಾಶಿಂದಲೇ ಅಲ್ವಾ?

ಸ್ಟುಡಿಯೋ_ಅರಸೀಕೆರೆ

ಕೆಂಪು ಬರುವುದು ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ. ಕತ್ತಲೆಯಲ್ಲಿ ಪಾಪೆ ಹಿಗ್ಗಿರುತ್ತದೆ, ಬೆಳಕು ನೇರ ಒಳಗೆ ಹೋಗಿ ಹಿಂದಿನ ರಕ್ತದ ಬಣ್ಣ ಹೊತ್ತು ವಾಪಸ್ ಬರುತ್ತದೆ. ನಾವು ಫ್ಲ್ಯಾಶನ್ನು ಚಾವಣಿಯ ಕಡೆ ತಿರುಗಿಸಿ ತಪ್ಪಿಸುತ್ತೇವೆ. ಬಿಳಿ ವಿಷಯ ಅಕ್ಕ ನೋಡಲಿ.

ಕನ್ನಡಕದ_ಅಕ್ಕ

ಬಿಳಿಯನ್ನು ಸುಮ್ನೆ ಬಿಡಬೇಡಿ. ಎಷ್ಟೋ ಸಲ ಅದು ಬರೀ ಕೋನದಿಂದ ಬರುತ್ತದೆ. ಮಗು ಕ್ಯಾಮೆರಾ ನೋಡದೆ 15 ಡಿಗ್ರಿಯಷ್ಟು ಪಕ್ಕಕ್ಕೆ ನೋಡುತ್ತಿದ್ದರೆ ಫ್ಲ್ಯಾಶ್ ಹೋಗಿ ಬೀಳುವುದು ಮೇಲೆ ಹೇಳಿದ ಆ ಕುರುಡು ಜಾಗದ ಮೇಲೆ. ಅಲ್ಲಿ ನರ ಇರುವುದರಿಂದ ಬೆಳ್ಳಗೆ ಕಾಣುತ್ತದೆ. ಆದರೆ ಮಗುವಿನ ಕಣ್ಣಿನಲ್ಲಿ ಪೊರೆ ಇದ್ದರೂ ಹಾಗೇ ಬರಬಹುದು. ರೆಟಿನೋಬ್ಲಾಸ್ಟೋಮಾ ಅಂತ ಚಿಕ್ಕ ಮಕ್ಕಳ ಕಣ್ಣಿನ ಕ್ಯಾನ್ಸರ್ ಇದ್ದರೂ ಬರಬಹುದು. ಅದು ಅಪರೂಪ, ಜಾಸ್ತಿ ಕಾಣುವುದು ಐದು ವರ್ಷದೊಳಗೆ, ಬೇಗ ಗೊತ್ತಾದರೆ ಚಿಕಿತ್ಸೆ ಚೆನ್ನಾಗಿ ಆಗುತ್ತದೆ. ಎಷ್ಟೋ ಮಕ್ಕಳಲ್ಲಿ ಅದನ್ನು ಮೊದಲು ಗಮನಿಸಿದ್ದು ಮನೆಯವರೇ, ಇಂಥದ್ದೇ ಫೋಟೊದಲ್ಲಿ.

ಹಳೇ ಫೋಟೊಗಳನ್ನೂ ತೆಗೆದು ನೋಡಿ, ಅದೇ ಕಣ್ಣು ಬೆಳ್ಳಗಿದೆಯಾ ಅಂತ. ಇರಲಿ ಬಿಡಲಿ, ಈ ವಾರವೇ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಕನ್ನಡಕದ ಅಂಗಡಿಗಲ್ಲ. ಪಾಪೆ ಹಿಗ್ಗುವ ಹನಿ ಹಾಕಿ ನೋಡುತ್ತಾರೆ, ಅರ್ಧ ದಿನದ ಕೆಲಸ. ಆ ಫೋಟೊ ಡಿಲೀಟ್ ಮಾಡಬೇಡಿ, ಅವರಿಗೆ ತೋರಿಸಿ.